ಬಳಸು ಹಾದಿ

ನೇರ ರಸ್ತೆ ಹಿಡಿದರೆ ಎರಡೇ ನಿಮಿಷ. ಬಳಸಿಕೊಂಡು ಕರೆದೊಯ್ದರೆ ತಪ್ಪೇ? ತಮ್ಮನ ಹೆಸರು ಹೇಳಿ ಅವನ ಮನೆಯ ಹಾದಿ ಕೇಳಿದ, ಓಣಿಯ ಕಟ್ಟೆಯ ಮೇಲೆ ಅಳುತ್ತ ಕುಳಿತಿದ್ದ ಅಪರಿಚಿತ ಮುದುಕಿಯ ಚೀಲ ಎತ್ತಿಕೊಂಡು ಅವನು ಹಿಂದಿನ ಸಂದಿಗೆ ತಿರುಗಿದ.

“ವರ್ಷಾ ಪಂಚಮಿಗೆ ನನ್ನ ಕರಿಯಾಕ ತಮ್ಮ ತಾನ ಬರತಿದ್ದ. ಈ ಸಲ ಬರಲಿಲ್ಲ, ಫೋನೂ ಎತ್ತವಲ್ಲ. ಅವನ ಹೆಂಡ್ತಿ ನನ್ನ ಕೂಡ ಮಾತು ಬಿಟ್ಟಾಳ. ಅದಕ್ಕ ನಾನ ಉಂಡಿ ಕಟಗೊಂಡು ಬಂದೀನಿ.”

“ಹೌದ್ರಿ, ಅವ್ವಾರ.”

“ಗುಡಿ ಮುಂದ ಹಾದು ಹೋದ್ರ ಹತ್ರ ಅಂತಿದ್ದ ಅವ. ಹಾದಿ ಖರೇನ ಗೊತ್ತೈತೇನೋ ತಮ್ಮಾ, ಇಲ್ಲಾ ನನ್ನಂಗ ನೀನೂ ತಪ್ಪಿಸಿಕೊಂಡಿಯೋ?” ಆಕೆ ಕಣ್ಣೊರೆಸಿಕೊಂಡು ನಕ್ಕಳು.

ಅವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ.

ಗುಡಿಯ ಮುಂದಿನ ಕಂಬಕ್ಕೆ ನಿನ್ನೆ ತಾನೇ ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಆಕೆಯ ತಮ್ಮ ನಗುತ್ತಿದ್ದಾನೆಂದು ಅವನು ಹೇಳಲೇ ಇಲ್ಲ.