ಚಂದ್ರನಿಗೆ ಹೋಗಿಬಂದ ಕೈಗಡಿಯಾರ

ಚಂದ್ರನ ಮೇಲೆ ಓಡಾಡಿ ಬಂದ ವಸ್ತು ಭೂಮಿಗೆ ಮರಳಿದ ಮೇಲೂ ಹಗುರವಾಗಿಯೇ ಉಳಿಯುತ್ತದೆ, ತೊಟ್ಟವರನ್ನೂ ಹಗುರ ಮಾಡುತ್ತದೆ ಎಂಬುದು ಹುಬ್ಬಳ್ಳಿಯ ಮಕ್ಕಳಿಗೂ ಗೊತ್ತು. ಅದಕ್ಕೇ ಹಳೇ ಗಡಿಯಾರದಂಗಡಿಯ ಮೆಹಬೂಬಸಾಬ ಅಸಲಿ ಮಾಲನ್ನು ಮೇಜಿಗೆ ದಾರದಿಂದ ಕಟ್ಟಿಯೇ ಇಡುತ್ತಿದ್ದ.

ವರ್ಷಗಟ್ಟಲೆ ಹುಡುಕಿದ ನಿವೃತ್ತ ಡ್ರಿಲ್ ಮಾಸ್ತರ ನಿಂಗಬಸಪ್ಪನವರಿಗೆ ಅದು ಕೊನೆಗೂ ಅಲ್ಲಿ ಸಿಕ್ಕಿತು: ಗಗನಯಾತ್ರಿಯೊಬ್ಬ ಚಂದ್ರನ ಮೇಲೆ ಕಟ್ಟಿಕೊಂಡಿದ್ದ, ಸ್ಟಾಪ್‌ವಾಚಿನ ಗುಂಡಿಗಳಿರುವ ಕೈಗಡಿಯಾರ. ಅದನ್ನು ಕಟ್ಟಿಕೊಂಡು, ನಿಂತ ಆಟೋಗಳ ಮೇಲಿಂದ ಜಿಗಿಯುತ್ತ ಮನೆಗೆ ಬಂದರು.

ಹೆಂಡತಿ ಮಹಾದೇವಿ ಹೊಸ್ತಿಲಲ್ಲೇ ತಡೆದಳು. ಮಂಡಿನೋವಿನಿಂದ ಆಕೆ ಮಾಳಿಗೆ ಹತ್ತದೆ ವರ್ಷಗಳೇ ಆಗಿದ್ದವು.

"ಮನಿ ತುಂಬ ಗಡಿಯಾರ ಅದಾವ. ಒಂದರೆ ನಿಮ್ಮನ್ನ ಹೊತ್ತಿಗೆ ಸರಿಯಾಗಿ ಊಟಕ್ಕ ಕರ್ಕೊಂಡು ಬಂದೈತೇನ್ರಿ?"

"ಇದರ ಮಾತೇ ಬ್ಯಾರೆ. ನೀನೇ ಕಟ್ಕೊಂಡು ನೋಡು," ಎಂದು ಮಾಸ್ತರರು ಹೆಮ್ಮೆಯಿಂದ ಆಕೆಯ ಮುಂಗೈಗೆ ಕಟ್ಟಿದರು.

ಮಹಾದೇವಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಮಂಡಿ ನೋಯಲಿಲ್ಲ. ಮೂರು ಮೂರು ಮೆಟ್ಟಿಲು ದಾಟಿ ಮಾಳಿಗೆ ಸೇರಿದಳು. ಅಲ್ಲಿಂದ ಓಣಿಯನ್ನೇ ಹಾರಿ, ಎದುರುಮನೆಯ ಮಾಳಿಗೆಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಗೆಳತಿಯ ಪಕ್ಕ ಹರಟೆಗೆ ಕೂತಳು.

"ಅದು ನಾಜೂಕಿನ ಮಾಲು! ದಿನಾ ಕೀಲಿ ಕೊಡಬೇಕಾಗ್ತದ," ಎಂದು ಮಾಸ್ತರರು ಕೆಳಗಿನಿಂದ ಕೂಗಿದರು.

"ಹಂಗಾದ್ರ ದಿನಾ ಮುಂಜಾನೆ ಬಂದು ಕೊಟ್ಟು ಹೋಗ್ರಿ," ಎಂದಳು ಮಹಾದೇವಿ.

ಅಂದಿನಿಂದ ಮಾಸ್ತರರು ದಿನಾ ಹೆಂಡತಿಯ ಕೈ ಹಿಡಿದು ಕೀಲಿ ಕೊಡುತ್ತಾರೆ. ತಮ್ಮ ಸಂಗ್ರಹ ನೋಡಲು ಯಾರಾದರೂ ಬಂದರೆ ಕುರ್ಚಿ ತೋರಿಸಿ, "ಕೂಡ್ರಿ. ಚಂದ್ರನ ಗಡಿಯಾರ ಕಾಯಿಪಲ್ಲೆ ತರಾಕ ಹೋಗೇದ," ಎನ್ನುತ್ತಾರೆ.