ಮಾಳಿಗೆಗೆ ಏರಿದ ಬಳ್ಳಿ

ಬಳ್ಳಿಯ ಒಂದು ಕವಲು ಮತ್ತೆ ಮುರಿದಿತ್ತು. ಸುಂದರ ಶೆಟ್ಟರು ಬಗ್ಗಿ ನೋಡಿದರು. ಗಾಳಿಗೆ ಮುರಿದದ್ದಲ್ಲ, ಯಾರೋ ಕಾಲಿಟ್ಟು ಮುರಿದದ್ದು. ಬುಡದ ಹಸಿಮಣ್ಣಿನಲ್ಲಿ ಹೂಗಳು ಜಜ್ಜಿಹೋಗಿದ್ದವು. ಶೆಟ್ಟರ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ಬಳ್ಳಿ ಬಿದಿರಿನ ಚೌಕಟ್ಟು ಹಿಡಿದು ಮಾಳಿಗೆಯ ಬಾಲ್ಕನಿ ಮುಟ್ಟಿತ್ತು. ಬಾಲ್ಕನಿಯ ಹಿಂದೆ ಕಿರಿ ಮಗಳು ಆಶಾಲತಾಳ ಕೋಣೆ.

ಶೆಟ್ಟರು ಮುರಿದ ಕವಲನ್ನು ಕಿತ್ತು ಎಸೆದರು.

ಬಿಜೈ ಬಡಾವಣೆಯ ಆ ಮನೆಗೆ ರಂಗೂನ್ ಬಳ್ಳಿಯೇ ಗುರುತು. ಸಂಜೆ ಬಿಳಿಯಾಗಿ ಅರಳಿದ ಹೂ ಮರುದಿನ ಗುಲಾಬಿ, ಆಮೇಲೆ ಕಡುಕೆಂಪು. ನೆಟ್ಟವಳು ಹೆಂಡತಿ ರತ್ನಾವತಿ. ತವರಿನಲ್ಲಿ ಗೇರುಮರದ ಕೊಂಬೆಗಳಲ್ಲೇ ಬೆಳೆದವಳು, ಗಿಡಮರ ಎಂದರೆ ಪ್ರಾಣ. ಮೀನು ತೊಳೆದ ನೀರು, ಹಿಂಡಿ ಹಾಕಿ ಮಗುವಿನಂತೆ ಸಾಕಿದ್ದಳು. ಈಚೆಗಂತೂ ಆರೈಕೆ ವಿಪರೀತ. ಬಲಿತ ಕಾಂಡಗಳನ್ನು ತೆಂಗಿನ ಹಗ್ಗದಿಂದ ಚೌಕಟ್ಟಿಗೆ ಬಿಗಿದು, ಜಗ್ಗಿ ಜಗ್ಗಿ ನೋಡುತ್ತಿದ್ದಳು. ಕೈತುಂಬ ತರಚು ಗಾಯ.

“ಒಂದು ಬಳ್ಳಿಗೆ ಇಷ್ಟು ಎಂತ ಉಪಚಾರ?” ಎಂದು ಶೆಟ್ಟರು ಒಮ್ಮೆ ಕೇಳಿದ್ದರು.

“ಬಿದ್ದರೆ ಕಷ್ಟ ಅಲ್ವಾ?” ಎಂದಿದ್ದಳು.

ಹಿರಿ ಮಗಳು ಶಶಿಪ್ರಭಾ ಅರ್ಚಕರ ಮನೆಯ ತ್ರಿವಿಕ್ರಮನನ್ನು ರಿಜಿಸ್ಟರ್ ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಆಶಾಲತಾಳ ಕಾಲೇಜೂ ನಿಂತಿತು. ಮಧ್ಯಾಹ್ನ ಉಂಡು ಶೆಟ್ಟರು ತಮ್ಮ ಹೋಟೆಲಿಗೆ ಹೊರಟರೆಂದರೆ ಮನೆಗೆ ಹೊರಗಿನಿಂದ ಬೀಗ. ತಾಯಿ, ಮಗಳು ಇಬ್ಬರೂ ಒಳಗೆ. ರತ್ನಾವತಿ ಮೊದಮೊದಲು ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟಳು.

ಹೋದ ತಿಂಗಳು ರತ್ನಾವತಿಯ ಅಣ್ಣ ಜಯಪಾಲ ಮನೆಯ ಕಡೆ ಹೋಗಿ, ಬೀಗ ಕಂಡು ಹೋಟೆಲಿಗೆ ಬಂದಿದ್ದರು. “ಭಾವ, ಶಶಿಯನ್ನು ಅತ್ತಾವರದಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ. ಬಸುರಿ, ಮೈಯೆಲ್ಲ ಊದಿಕೊಂಡು ಉಂಟು. ಹಾಸಿಗೆ ಬಿಟ್ಟು ಏಳಬಾರದಂತೆ. ಒಮ್ಮೆ ಹೋಗಿ ನೋಡಿ.”

“ಯಾವ ಶಶಿ?” ಎಂದಿದ್ದರು ಶೆಟ್ಟರು.

ಮನೆಯಲ್ಲಿ ಈ ವಿಷಯ ಬಾಯಿ ಬಿಡಲಿಲ್ಲ. ಹೆಂಡತಿಯೂ ಏನೂ ಕೇಳಲಿಲ್ಲ.

ಈಗ ಎರಡನೆಯವಳೂ! ಶೆಟ್ಟರು ಒಳಗೆ ನುಗ್ಗಿ ಮಗಳ ಎದುರು ನಿಂತರು. “ಯಾರವನು? ಬಳ್ಳಿ ಹಿಡಿದು ಹತ್ತಿ ಬರುವವ ಯಾರು?”

“ಯಾವನೂ ಬರುವುದಿಲ್ಲ, ಅಪ್ಪ.”

“ಸುಳ್ಳು ಹೇಳಿದರೆ ಹಲ್ಲು ಉದುರಿಸ್ತೇನೆ!”

ಆಶಾಲತಾ ತಾಯಿಯ ಮುಖ ನೋಡಿದಳು. ರತ್ನಾವತಿ ನಡುವೆ ಬಂದಳು. ಮುಖದ ಬಣ್ಣ ಇಳಿದುಹೋಗಿತ್ತು. “ಅವಳಿಗೆ ಎಂತದೂ ಮಾಡಬೇಡಿ. ಬಳ್ಳಿಗೂ ಕೈ ಹಚ್ಚಬೇಡಿ. ನಿಮ್ಮ ಕಾಲು ಹಿಡೀತೇನೆ.”

ಮಗಳ ಮಾನ ಹೋಗುವಾಗ ಇವಳಿಗೆ ಹೂವಿನ ಚಿಂತೆ! ಶೆಟ್ಟರು ಹೊರಗೆ ಬಂದರು.

ಮರುದಿನವೂ ಎಂದಿನಂತೆ ಬೀಗ ಹಾಕಿ ಹೊರಟರು. ಆದರೆ ಹೋಟೆಲಿಗೆ ಹೋಗಲಿಲ್ಲ. ಪೇಟೆಯಲ್ಲಿ ಮರ ಕಡಿಯುವ ಒಂದು ಕತ್ತಿ ಕೊಂಡು ಮರಳಿದರು. ಅಂಗಳದಲ್ಲಿ ಯಾರೂ ಇಲ್ಲ. ಬಳ್ಳಿಯ ಕೆಳಗೆ ಆಗತಾನೆ ಉದುರಿದ ಎಲೆಗಳು.

“ರತ್ನಾ! ಬಾ ಇಲ್ಲಿ!”

ಒಳಗಿನಿಂದ ಮಗಳ ದನಿ ಬಂತು. “ಅಮ್ಮ ಮಲಗಿದ್ದಾರೆ, ಅಪ್ಪ. ತಲೆನೋವು.”

ದನಿ ನಡುಗುತ್ತಿತ್ತು. ಆ ನಡುಕ ಕೇಳಿದ್ದೇ ಶೆಟ್ಟರಿಗೆ ಇದ್ದ ಒಂದಿಷ್ಟು ಅನುಮಾನವೂ ಹೋಯಿತು. ಅವನು ಬರುವ ಹೊತ್ತಾಗಿದೆ!

ಕತ್ತಿ ಬೀಸಿದರು. ತೋಳು ಗಾತ್ರದ ಬುಡ, ಸುಲಭಕ್ಕೆ ಬಗ್ಗಲಿಲ್ಲ. ಅಂಗಿ ಬೆವರಿಗೆ ಒದ್ದೆಯಾಯಿತು. ಹಗ್ಗಗಳನ್ನೂ ಕಡಿದು ಎಳೆದಾಗ ಚೌಕಟ್ಟು ಸಮೇತ ಬಳ್ಳಿ ಧೊಪ್ಪನೆ ಅಂಗಳಕ್ಕೆ ಒರಗಿತು. ಬೋಳಾದ ಗೋಡೆ ಬಿಸಿಲಿಗೆ ಹೊಳೆಯಿತು.

ಆಶಾಲತಾ ಬಾಲ್ಕನಿಗೆ ಓಡಿಬಂದಳು. ಕೆಳಗೆ ನೋಡಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಶೆಟ್ಟರು ಏದುಸಿರು ಬಿಡುತ್ತ ನಕ್ಕರು. “ಈಗ ಬರಲಿ ಅವನು. ಹೇಗೆ ಹತ್ತುತ್ತಾನೆ, ನಾನೂ ನೋಡ್ತೇನೆ!”

“ಅವನಲ್ಲ ಅಪ್ಪ, ಬಳ್ಳಿ ಹಿಡಿದು ಇಳಿದದ್ದು ಅಮ್ಮ. ಅಕ್ಕನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದಾರೆ.”