ವಾಪಸ್ ಕೊಡಬೇಕಿದ್ದ ಚೆಂಡು

ರೈಲ್ವೆ ಹಳಿಯ ಆಚೆ ಒಂದು ಹೈಸ್ಕೂಲು, ಈಚೆ ಒಂದು ಹೈಸ್ಕೂಲು...

ಎರಡರ ನಡುವೆ ಫುಟ್‌ಬಾಲ್ ಮ್ಯಾಚ್ ಇದ್ದ ದಿನ ಆ ಊರಲ್ಲಿ ಬೀಗರೂ ಬೀಗರ ಮುಖ ನೋಡುತ್ತಿರಲಿಲ್ಲ.

ಈಚೆ ಶಾಲೆಯ ಕೋಚ್ ಹಂಚಿನಮನಿ ಸರ್. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಇಡೀ ಸರ್ವಿಸ್‌ನಲ್ಲಿ ಆಚೆಯವರ ಎದುರು ಒಮ್ಮೆಯೂ ಗೆದ್ದಿರಲಿಲ್ಲ.

ಯಾರ ಮುಂದೆಯೂ ಹೇಳಿಕೊಂಡವರಲ್ಲ. ಆದರೆ ಒಳಗೊಳಗೇ ಒಂದು ಆಸೆ... ಹೋಗುವ ಮುಂಚೆ ಒಂದೇ ಒಂದು ಸಲ ಈ ಮ್ಯಾಚಿನ ಕಪ್ ನಮ್ಮ ಹುಡುಗರ ಕೈಗೆ ಬರಬೇಕು.

ಮ್ಯಾಚ್ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಯಾರದೂ ಗೋಲಿಲ್ಲ.

ಆಗ ಆಚೆಯವರ ಕ್ಯಾಪ್ಟನ್ ಕಾಲು ಹಿಡಿದುಕೊಂಡು ನೆಲಕ್ಕೆ ಬಿದ್ದ. ಆಟ ನಿಲ್ಲಲಿ ಎಂದು ಅವನ ಜೊತೆಗಾರರೇ ಚೆಂಡನ್ನು ಗೆರೆಯಾಚೆ ಒದ್ದರು.

ಹಾಗೆ ಒದ್ದರೆ ಚೆಂಡು ಎದುರಾಳಿಗೆ ಸಿಗುತ್ತದೆ. ಅವರು ಅದನ್ನು ಒದ್ದವರಿಗೇ ವಾಪಸ್ ಕೊಡಬೇಕು... ರೂಲ್ಸ್‌ನಲ್ಲಿ ಇಲ್ಲ, ಆಡುವವರ ನಡುವಿನ ಮರ್ಯಾದೆ ಅಷ್ಟೇ.

ಈಚೆ ತಂಡದ ಸಿದ್ರಾಮನಿಗೆ ಅದು ಗೊತ್ತಿರಲಿಲ್ಲ. ಕಬಡ್ಡಿ ಬಿಟ್ಟು ಆ ವರ್ಷವಷ್ಟೇ ಫುಟ್‌ಬಾಲ್‌ಗೆ ಬಂದಿದ್ದ ಹುಡುಗ.

ವಾಪಸ್ ಕೊಡಲೆಂದು ಗೆಳೆಯ ಎಸೆದ ಚೆಂಡು ಅವನ ಕಾಲಿಗೆ ಸಿಕ್ಕಿತು. ಸುಮ್ಮನೆ ನಿಂತಿದ್ದ ಎದುರಾಳಿಗಳ ನಡುವೆ ಓಡಿ ಗೋಲು ಹೊಡೆದೇಬಿಟ್ಟ...

ರೆಫರಿ ಸೀಟಿ ಊದಿದರು. ಗೋಲ್.

ಈಚೆಯ ಜನ ಕುಣಿದರು. ಆಚೆಯವರು "ಮೋಸ, ಮೋಸ" ಎಂದು ಒದರಿದರು. ಹಂಚಿನಮನಿ ಸರ್ ಕೂತಲ್ಲೇ ಕೂತಿದ್ದರು.

ಸುಮ್ಮನಿದ್ದರೆ ಸಾಕು... ಕಪ್ ಅವರದೇ.

ಎದ್ದು ಗೆರೆಯ ಹತ್ತಿರ ಹೋಗಿ ತಮ್ಮ ಹುಡುಗರನ್ನು ಕರೆದರು.

"ಆಟ ಶುರು ಆದಕೂಡ್ಲೆ ಎಲ್ಲಾರೂ ನಿಂತಬಿಡ್ರಿ. ಅವರೂ ಒಂದ್ ಗೋಲ್ ಹೊಡೀಲಿ."

"ಸರ್, ಇದು ನಿಮ್ಮ ಕಡೀ ಮ್ಯಾಚ್ ಐತ್ರಿ..." ಎಂದ ಈಚೆ ತಂಡದ ಕ್ಯಾಪ್ಟನ್.

"ಅದಕ್ಕ ಹೇಳಾಕತ್ತೇನಿ."

ಹುಡುಗರು ನಿಂತರು. ಆಚೆಯವರು ನಡೆದುಕೊಂಡೇ ಹೋಗಿ ಗೋಲು ಹೊಡೆದರು.

"ಮುದುಕಗ ಅರಳು ಮರಳು ಆಗೇತಿ, ಮನೀಗೆ ಕಳಸ್ರಲೇ," ಎಂದು ಈಚೆ ಕಡೆಯವರೇ ಯಾರೋ ಕೂಗಿದರು.

ಆಟ ಸಮನಾಗಿ ಮುಗಿದು, ಕೊನೆಗೆ ಪೆನಾಲ್ಟಿ ಕಿಕ್‌ನಲ್ಲಿ ಹಂಚಿನಮನಿ ಸರ್ ತಂಡ ಸೋತಿತು...

ಸಿದ್ರಾಮ ಅಳುತ್ತಾ ಬಂದ. "ನನ್ನಿಂದ ಹಿಂಗಾತ್ರಿ ಸರ್."

"ಇಲ್ಲಪಾ... ಚೆಂಡು ಕಸಗೊಳ್ಳೂದು ಕಲಿಸಿದ್ನಿ. ಹೊಳ್ಳಿ ಕೊಡೂದು ಕಲಸೂದು ನಾನ ಮರತಿದ್ನಿ."

ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಆಚೆ ಶಾಲೆಯ ಕ್ಯಾಪ್ಟನ್... ಗೆಳೆಯನ ಹೆಗಲ ಮೇಲೆ ಕೈ ಹಾಕಿ ಕುಂಟುತ್ತಾ ಬಂದಿದ್ದ.

"ಸರ್, ಮುಂದಿನ ತಿಂಗಳಿಂದ ನೀವು ಸಾಲಿಗೆ ಬರೂದಿಲ್ಲಂತಲ್ರೀ. ನಮ್ಮ ಗ್ರೌಂಡಿಗೆ ಬರ್ತೀರೇನ್ರಿ... ನಮಗೂ ಕಲಸ್ರಿ."

ಅವನ ಹಿಂದೆಯೇ ಅವರ ಕೋಚ್ ನಿಂತಿದ್ದರು. "ಕೇಳು ಅಂತ ನಾನ ಕಳಿಸೀನ್ರಿ," ಎಂದರು ಮೆಲ್ಲಗೆ.

ಹಂಚಿನಮನಿ ಸರ್ ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು...

"ಮುಂಜಾನೆ ಎಷ್ಟಕ್ಕ ಬರ್ಲೆಪಾ?"

ಗೆದ್ದ ಕಪ್ ಕಪಾಟಿನಲ್ಲಿ ಉಳಿಯುತ್ತದೆ... ಬಿಟ್ಟುಕೊಟ್ಟ ಗೆಲುವು ಮಕ್ಕಳಲ್ಲಿ ಉಳಿಯುತ್ತದೆ.

ನಮ್ಮದಲ್ಲ ಎಂದು ಗೊತ್ತಿದ್ದೂ ವಾಪಸ್ ಕೊಡದೆ ಇಟ್ಟುಕೊಂಡ ಚೆಂಡು... ನಮ್ಮ ನಿಮ್ಮ ಹತ್ತಿರವೂ ಒಂದು ಇರಬಹುದಾ?